ಕಾರ್ಬನ್ ಫೈಬರ್‌ಗೂ ಗಂಜಿ ಬೇಕು!

ಇವತ್ತು ಒಂದು ದಿವಾಳಿ ಕಥೆಯಿಂದ ಶುರು ಮಾಡೋಣ. 1971ರ ಫೆಬ್ರವರಿಯಲ್ಲಿ ಬ್ರಿಟನ್‌ನ ರೋಲ್ಸ್-ರಾಯ್ಸ್ ದಿವಾಳಿಯಾಯ್ತು. ಆರ್‌ಬಿ211 ಅನ್ನೋ ವಿಮಾನ ಎಂಜಿನ್‌ಗೆ ಲೆಕ್ಕ ಮೀರಿ ಖರ್ಚಾಗಿದ್ದೇ ದೊಡ್ಡ ಕಾರಣ. ಅದರ ಫ್ಯಾನ್ ಬ್ಲೇಡ್‌ಗಳನ್ನು ಮೊದಲು ಕಾರ್ಬನ್ ಫೈಬರ್‌ನಲ್ಲಿ ಮಾಡಿದ್ರು. ಹಗುರ, ಗಟ್ಟಿ, ಎಲ್ಲಾ ಸರಿ. ಆದ್ರೆ ಹಕ್ಕಿ ಬಡಿಯುವ ಪರೀಕ್ಷೆಯಲ್ಲಿ ಬ್ಲೇಡ್ ತಡೆಯಲಿಲ್ಲ. ಕೊನೆಗೆ ಟೈಟಾನಿಯಂ ಹಾಕಬೇಕಾಯ್ತು.

ಆ ಸೋಲಿಗೆ ಕೋಟಿಂಗ್ ಕಾರಣ ಅಂತ ಹೇಳ್ತಿಲ್ಲ. ಪಾಠ ಏನಂದ್ರೆ, ಗಟ್ಟಿತನ ಬೇರೆ, ಪೆಟ್ಟು ತಾಳೋ ಗುಣ ಬೇರೆ.

ಕಾಂಪೋಸಿಟ್ ಅಂದ್ರೆ ಎಳೆ ಮತ್ತು ರೆಸಿನ್, ಎರಡರ ಜೋಡಿ. ಕಾರ್ಬನ್ ಎಳೆ 5ರಿಂದ 7 ಮೈಕ್ರೋಮೀಟರ್ ದಪ್ಪ, ನಮ್ಮ ಕೂದಲಿನ ಹತ್ತನೇ ಒಂದು ಭಾಗದಷ್ಟು. ಭಾರ ಹೊರೋದು ಎಳೆ. ಆ ಭಾರವನ್ನು ಎಳೆಯಿಂದ ಎಳೆಗೆ ದಾಟಿಸೋದು ಎಪಾಕ್ಸಿಯಂಥ ರೆಸಿನ್. ಆದ್ರೆ 1000 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ತಯಾರಾದ ಎಳೆಯ ಮೈ ಕೆಸುವಿನ ಎಲೆ ಥರ, ಏನೂ ಸುಲಭವಾಗಿ ಹಿಡಿಯಲ್ಲ.

ಇದಕ್ಕೆ ಎರಡು ಉಪಾಯ. ಮೊದಲು, ಎಳೆಯನ್ನು ದ್ರಾವಣದಲ್ಲಿ ಮುಳುಗಿಸಿ ಕರೆಂಟ್ ಹಾಯಿಸ್ತಾರೆ. ಆಗ ಮೈಮೇಲೆ ಆಕ್ಸಿಜನ್ ಇರೋ ಗುಂಪುಗಳು ಹುಟ್ಟುತ್ತವೆ, ರೆಸಿನ್‌ಗೆ ಹಿಡಿದುಕೊಳ್ಳೋಕೆ ಕೊಕ್ಕೆ ಸಿಕ್ಕಂತೆ. ಆಮೇಲೆ ತೆಳುವಾದ ಲೇಪನ, ಅದೇ ಸೈಜಿಂಗ್. ನಮ್ಮ ನೇಕಾರರು ಹಾಸು ನೂಲಿಗೆ ಗಂಜಿ ಹಾಕ್ತಾರಲ್ಲ, ಇಂಗ್ಲಿಷ್‌ನಲ್ಲಿ ಅದಕ್ಕೂ ಇದೇ ಹೆಸರು! ವ್ಯತ್ಯಾಸ ಇಷ್ಟೇ: ಬಟ್ಟೆಯ ಗಂಜಿಯನ್ನು ತೊಳೆದು ತೆಗೀತಾರೆ, ಇದು ಒಳಗೇ ಉಳಿಯುತ್ತೆ. ತೂಕದಲ್ಲಿ ಹೆಚ್ಚುಕಮ್ಮಿ 1% ಅಷ್ಟೇ.

ಹಾಗಾದ್ರೆ ಅಂಟು ಜಾಸ್ತಿ ಆದಷ್ಟೂ ಒಳ್ಳೇದಾ? ಇಲ್ಲ! ಹಿಡಿತ ಕಮ್ಮಿಯಾದ್ರೆ ಎಳೆ ಜಾರಿ ಹೊರಬರುತ್ತೆ. ಅತಿಯಾದ್ರೆ ಬಿರುಕು ಎಲ್ಲೂ ನಿಲ್ಲದೆ, ಎಳೆಗಳನ್ನು ಕತ್ತರಿಸಿಕೊಂಡು ನೇರ ನುಗ್ಗುತ್ತೆ. ಹದವಾಗಿದ್ರೆ ಎಳೆ ಸ್ವಲ್ಪ ಬಿಡಿಸಿಕೊಳ್ಳುತ್ತೆ, ಬಿರುಕು ದಾರಿ ತಪ್ಪುತ್ತೆ, ಪೆಟ್ಟಿನ ಶಕ್ತಿ ಅಲ್ಲೇ ಖರ್ಚಾಗುತ್ತೆ. ಅದಕ್ಕೇ ಸಂಶೋಧಕರು ಈ ಲೇಪನಕ್ಕೆ ಕಾರ್ಬನ್ ನ್ಯಾನೋಟ್ಯೂಬ್, ಗ್ರಾಫೀನ್ ಆಕ್ಸೈಡ್ ಬೆರೆಸಿ ನೋಡ್ತಿದ್ದಾರೆ.

ಇದು ದೂರದ ವಿಷಯ ಅಲ್ಲ. ಬೆಂಗಳೂರಿನಲ್ಲಿ ಜೋಡಿಸೋ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಸುಮಾರು 45% ಕಾಂಪೋಸಿಟ್. ಮುಂದಿನ ಸಲ ಅದು ತಲೆ ಮೇಲೆ ಗುಡುಗಿಕೊಂಡು ಹೋದಾಗ, ಕಣ್ಣಿಗೆ ಕಾಣದ ಈ ಗಂಜಿ ನೆನಪಾಗಲಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ!