ಅಕ್ಷರ ಎಣಿಸಿ ಕಾಲಂ ಕೂಡಿಸಲಾಗದು

ಸಂಬಳದ ಪಟ್ಟಿ, ದಾಸ್ತಾನು ಲೆಕ್ಕ, ಪರೀಕ್ಷೆಯ ಅಂಕಪಟ್ಟಿಗಳನ್ನೆಲ್ಲ ಇಂದು ಪ್ರೋಗ್ರಾಂಗಳೇ ಎಚ್‌ಟಿಎಂಎಲ್ ಪುಟಗಳಾಗಿ ತಯಾರಿಸಿಕೊಡುತ್ತವೆ. ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ನಿಂತ ಕಾಲಂಗಳು ಹೆಸರುಗಳು ಕನ್ನಡಕ್ಕೆ ಬಂದೊಡನೆ ಅಂಕುಡೊಂಕಾಗುವುದುಂಟು. ನಮ್ಮ ಲಿಪಿಯೇ ತೊಡಕಿನದು ಎಂದು ಆಗ ದೂರುವುದು ಸುಲಭ. ಆದರೆ ದೋಷವಿರುವುದು ಅಕ್ಷರ ಎಣಿಸಿ ಸ್ಪೇಸ್ ತುಂಬುವ ಹಳೆಯ ಪದ್ಧತಿಯಲ್ಲಿ.

ಆ ಪದ್ಧತಿ ಯಂತ್ರಗಳಿಂದ ಬಂದದ್ದು. ಇಂಗ್ಲಿಷ್ ಟೈಪ್‌ರೈಟರಿನಲ್ಲಿ ಯಾವ ಅಕ್ಷರ ಒತ್ತಿದರೂ ಕಾಗದ ಸರಿಯುತ್ತಿದ್ದುದು ಸಾಮಾನ್ಯವಾಗಿ ಒಂದೇ ಅಳತೆ. ಐಬಿಎಂ 1928ರಲ್ಲಿ ತಂದ ಪಂಚ್ ಕಾರ್ಡಿಗೆ 80 ಕಾಲಂ. ಲೈನ್ ಪ್ರಿಂಟರಿನ ಸಾಲಿಗೆ ಹೆಚ್ಚಾಗಿ 132 ಅಕ್ಷರ. ಹೆಸರಿಗೆ ಹತ್ತು ಮನೆ, ಮೊತ್ತಕ್ಕೆ ಎಂಟು ಮನೆ ಎಂಬ ಲೆಕ್ಕ ಅಲ್ಲಿ ಸರಿಹೋಗುತ್ತಿತ್ತು. ಬ್ರೌಸರ್ ಮಾತ್ರ ಒತ್ತಾಗಿ ಬಂದ ಸ್ಪೇಸ್‌ಗಳನ್ನೆಲ್ಲ ಒಂದಾಗಿಸಿಬಿಡುತ್ತದೆ. ಅದನ್ನು ತಡೆಯಲು ಪ್ರೀ ಟ್ಯಾಗ್ ಇದೆ. ಅದರೊಳಗೆ ಸ್ಪೇಸ್‌ಗಳೂ ಸಾಲುಗಳೂ ಇದ್ದಂತೆಯೇ ಉಳಿಯುತ್ತವೆ, ಬರಹ ಸಮ ಅಗಲದ ಫಾಂಟಿನಲ್ಲಿ ಕಾಣುತ್ತದೆ.

ಕನ್ನಡದಲ್ಲಿ ಈ ಉಪಾಯ ಕೈಕೊಡುತ್ತದೆ. 'ಲಕ್ಷ್ಮಿ' ಕಣ್ಣಿಗೆ ಎರಡೇ ಅಕ್ಷರ. ಯುನಿಕೋಡ್‌ನಲ್ಲಿ ಅದು ನಾಲ್ಕು ವ್ಯಂಜನ, ಎರಡು ವಿರಾಮ, ಒಂದು ಗುಣಿತ ಚಿಹ್ನೆ: ಒಟ್ಟು ಏಳು. 'ಕಮಲ' ಮೂರೇ. ಹತ್ತು ಮನೆ ತುಂಬಿಸು ಎಂದರೆ ಪೈಥಾನ್ ಲಕ್ಷ್ಮಿಗೆ ಮೂರು ಸ್ಪೇಸ್, ಕಮಲಳಿಗೆ ಏಳು ಸ್ಪೇಸ್ ಕೊಡುತ್ತದೆ. ಅಗಲದಲ್ಲಿ ಕಿರಿದಾದ ಹೆಸರಿಗೇ ಕಡಿಮೆ ಜಾಗ ಸಿಕ್ಕಿ ಮುಂದಿನ ಮೊತ್ತ ಎಡಕ್ಕೆ ಜರುಗುತ್ತದೆ.

ಸಮ ಅಗಲದ ಕನ್ನಡ ಫಾಂಟ್ ಬಳಸಿದರಾಯಿತಲ್ಲ ಎನ್ನಬಹುದು. ಎಣಿಕೆಯೇ ತಪ್ಪಿರುವಾಗ ಫಾಂಟ್ ಏನನ್ನೂ ಸರಿಪಡಿಸದು. ಒತ್ತಕ್ಷರ ಹೊತ್ತ 'ಕ್ಷ್ಮಿ'ಯನ್ನೂ ಬರಿಯ 'ರ'ವನ್ನೂ ಒಂದೇ ಅಳತೆಗೆ ಅದುಮಿದರೆ ಓದು ಕೆಡುತ್ತದೆ. ಹಳೆಯ ಪ್ರೋಗ್ರಾಂ ಬದಲಿಸುವುದು ದುಬಾರಿ ಎಂಬ ಮಾತಿನಲ್ಲಿ ಹುರುಳಿದೆ. ಆದರೂ ಲೆಕ್ಕಾಚಾರದ ಭಾಗವನ್ನು ಮುಟ್ಟಬೇಕಿಲ್ಲ. ಸ್ಪೇಸ್ ತುಂಬುವ ಕಡೆ ಟೇಬಲ್‌ನ ಸಾಲು, ಕೋಶಗಳ ಟ್ಯಾಗ್ ಬರೆಸಿ, ಮೊತ್ತವನ್ನು ಸಿಎಸ್‌ಎಸ್‌ನಿಂದ ಬಲಕ್ಕೆ ಒತ್ತರಿಸಿದರೆ ಅಗಲದ ಚಿಂತೆ ಬ್ರೌಸರಿನದು. ಅಂಧ ಓದುಗರ ಸ್ಕ್ರೀನ್ ರೀಡರ್ ಕೂಡ ಆಗ ಯಾವ ಅಂಕಿ ಯಾವ ಶೀರ್ಷಿಕೆಯದೆಂದು ಹೇಳಬಲ್ಲದು. ಪ್ರೋಗ್ರಾಂ ಕೋಡ್, ಲಾಗ್ ಕಡತಗಳಿಗೆ ಪ್ರೀ ಟ್ಯಾಗ್ ಇರಲಿ. ಅದು ಹುಟ್ಟಿದ್ದೇ ಅಂಥ ಬರಹಕ್ಕೆ. ಜನರ ಹೆಸರಿರುವ ಪಟ್ಟಿಗೆ ಟೇಬಲ್ಲೇ ಸರಿ. ಒತ್ತಕ್ಷರದ ಹೆಸರುಗಳನ್ನು ಹಾಕಿ ನೋಡದೆ ಇಂಥ ಪ್ರೋಗ್ರಾಂ ಅನ್ನು ಯಾರೂ ಒಪ್ಪಿಸಬಾರದು, ಯಾವ ಕಚೇರಿಯೂ ಒಪ್ಪಿಕೊಳ್ಳಬಾರದು.