ಚಳಿಗಾಳಿಯಿಂದ ಶಾಖವನ್ನೆತ್ತುವ ಏತ

೨೦೧೯ನೆಯ ಇಸವಿಯ ಜನವರಿ ೩೦ರಂದು ಅಮೆರಿಕದ ಚಿಕಾಗೊ ನಗರದಲ್ಲಿ ಉಷ್ಣತೆಯು ಸೊನ್ನೆಗಿಂತ ೩೦ ಡಿಗ್ರಿ ಸೆಲ್ಸಿಯಸಿಗೂ ಕೆಳಗೆ ಇಳಿದಿತ್ತು. ಅಂತಹ ಚಳಿಯಲ್ಲಿ ಮನೆಯೊಳಗಿನ ಬಿಸುಪು ಜೀವದ ಪ್ರಶ್ನೆಯೇ ಆಗುತ್ತದೆ. ಮನೆ ತಣ್ಣಗಾದರೆ ಗೋಡೆಯೊಳಗಿನ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ, ಹಿಗ್ಗಿ, ಕೊಳವೆಗಳನ್ನೇ ಸೀಳಿಬಿಡುತ್ತದೆ. ವೃದ್ಧರಿಗೂ ಹಸುಗೂಸುಗಳಿಗೂ ಅಪಾಯ ಒದಗುತ್ತದೆ. ಅಮೆರಿಕ, ಕೆನಡ, ನಾರ್ವೆ, ಸ್ವೀಡನ್ ಮೊದಲಾದ ದೇಶಗಳಲ್ಲಿ ಇಂದು ಲಕ್ಷಾಂತರ ಮನೆಗಳನ್ನು ಬೆಚ್ಚಗಿಡುತ್ತಿರುವುದು ‘ಶಾಖದ ಪಂಪು’ ಎಂಬ ಯಂತ್ರ. ನಮ್ಮ ನಾಡಿನಿಂದ ಹೋಗಿ ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಇದು ಪರಿಚಿತವಾದ ವಸ್ತುವೇ.

ಕಡುಚಳಿಯ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳೋಣ. ಕೋಣೆಗೆ ಬೀಸುತ್ತಿದ್ದ ಬೆಚ್ಚನೆಯ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ಮನೆಯ ಹೊರಗೆ ನಿಂತಿರುವ ಯಂತ್ರಭಾಗದ ಬೀಸಣಿಗೆ ನಿಂತುಹೋಗುತ್ತದೆ, ಬುಸ್ಸೆಂದು ಸದ್ದಾಗುತ್ತದೆ, ಅದರ ಮೈಯಿಂದ ಹೊಗೆಯಂತೆ ಏನೋ ಮೇಲೇಳುತ್ತದೆ. ಯಂತ್ರ ಕೆಟ್ಟಿತೆಂದು ಮನೆಯವರು ಗಾಬರಿಗೊಳ್ಳುತ್ತಾರೆ. ಅದು ನಿಜವಾಗಿ ಕೆಟ್ಟಿದೆಯೆ, ಇಲ್ಲವೆ ತನ್ನ ಕೆಲಸವನ್ನೇ ಮಾಡುತ್ತಿದೆಯೆ? ಇದನ್ನು ಗುರುತಿಸಲು ಭೌತವಿಜ್ಞಾನದ ಎರಡು ಮೂರು ಸರಳ ತತ್ತ್ವಗಳ ಪರಿಚಯವಿದ್ದರೆ ಸಾಕು.

ಸೊನ್ನೆಗಿಂತಲೂ ಕೆಳಗಿರುವ ಗಾಳಿಯಲ್ಲಿ ಶಾಖವೆಲ್ಲಿಯದು ಎಂದು ವಾಚಕರು ಕೇಳಬಹುದು. ನೀರು ಹೆಪ್ಪುಗಟ್ಟುವ ಉಷ್ಣತೆಯನ್ನು ನಾವು ಸೊನ್ನೆಯೆಂದು ಕರೆದಿದ್ದೇವೆಯೇ ಹೊರತು ಅಲ್ಲಿಗೆ ಶಾಖವು ಮುಗಿದುಹೋಗುವುದಿಲ್ಲ. ಅಣುಗಳ ಚಲನೆ ತೀರ ಕನಿಷ್ಠವಾಗುವುದು ಅದಕ್ಕೂ ೨೭೩ ಡಿಗ್ರಿ ಕೆಳಗೆ. ಆದುದರಿಂದ ಚಿಕಾಗೊ ನಗರದ ಆ ಗಾಳಿಯಲ್ಲಿಯೂ ಶಾಖವು ಬೇಕಾದಷ್ಟಿತ್ತು. ಆದರೆ ನೀರು ತಗ್ಗಿನಿಂದ ದಿಣ್ಣೆಗೆ ತಾನಾಗಿ ಹರಿಯದಂತೆ, ಶಾಖವೂ ತಂಪಾದ ಎಡೆಯಿಂದ ಬಿಸಿಯಾದ ಎಡೆಗೆ ತಾನಾಗಿ ಹರಿಯದು. ಬಾವಿಯ ನೀರನ್ನು ಮೇಲೆತ್ತಲು ಏತ ಬೇಕು. ಶಾಖದ ಪಂಪು ಅಂತಹದೊಂದು ಏತ. ನಮ್ಮ ಅಡಿಗೆಮನೆಯ ರೆಫ್ರಿಜರೇಟರೂ ಇದೇ ಜಾತಿಯದು. ಅದು ಒಳಗಿನ ಹಾಲು ತರಕಾರಿಗಳಿಂದ ಶಾಖವನ್ನೆತ್ತಿ ಅಡಿಗೆಮನೆಗೆ ಸುರಿಯುತ್ತದೆ. ಇಂತಹ ಯಂತ್ರದಿಂದ ಮನೆಯನ್ನು ಬೆಚ್ಚಗಿಡಬಹುದೆಂದು ಲಾರ್ಡ್ ಕೆಲ್ವಿನ್ ಎಂದು ಮುಂದೆ ಪ್ರಸಿದ್ಧನಾದ ವಿಲಿಯಂ ಥಾಮ್ಸನ್ ೧೮೫೨ರಲ್ಲಿಯೇ ತೋರಿಸಿಕೊಟ್ಟನು. ೧೯೩೮ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರಸಭಾಭವನವನ್ನು ಪಕ್ಕದ ಲಿಮ್ಮಾಟ್ ನದಿಯ ನೀರಿನಿಂದ ಶಾಖವನ್ನೆತ್ತಿ ಬೆಚ್ಚಗಾಗಿಸಿದರು.

ಈ ಏತದ ಕೊಡವೆಂದರೆ, ಬಹು ಕಡಮೆ ಉಷ್ಣತೆಯಲ್ಲಿ ಕುದಿಯುವ ಒಂದು ದ್ರವ. ಉದಾಹರಣೆಗೆ, ಕೆಲವು ಯಂತ್ರಗಳಲ್ಲಿ ಬಳಸುವ ಪ್ರೊಪೇನ್ ಸಾಧಾರಣ ಒತ್ತಡದಲ್ಲಿ ಸೊನ್ನೆಗಿಂತ ೪೨ ಡಿಗ್ರಿ ಕೆಳಗೆಯೇ ಕುದಿಯುತ್ತದೆ. ಅಂಗೈಗೆ ಸವರಿದ ಸ್ಪಿರಿಟ್ಟು ಆರುವಾಗ ಕೈಯ ಶಾಖವನ್ನು ಹೀರುವಂತೆ, ಹೊರಗಿನ ಸುರುಳಿಯಲ್ಲಿ ಈ ದ್ರವವು ಆವಿಯಾಗುತ್ತ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಎಂಬ ಒತ್ತುಯಂತ್ರವು ಆ ಆವಿಯನ್ನು ಅಮುಕುತ್ತದೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವಂತೆ ಆವಿಯೂ ಬಿಸಿಯಾಗುತ್ತದೆ. ಮನೆಯೊಳಗಿನ ಸುರುಳಿಯಲ್ಲಿ ಅದು ಮತ್ತೆ ದ್ರವವಾಗಿ, ತನ್ನ ಗುಪ್ತಶಾಖವನ್ನು ಕೋಣೆಗೆ ಬಿಟ್ಟುಕೊಡುತ್ತದೆ. ಬಳಿಕ ಕಿರಿದಾದ ಕವಾಟವೊಂದರಲ್ಲಿ ನುಸುಳಿ, ಒತ್ತಡ ಇಳಿದು, ತಣ್ಣಗಾಗಿ ಹೊರಗಿನ ಸುರುಳಿಗೆ ಹಿಂದಿರುಗುತ್ತದೆ.

ಬಾವಿಯ ನೀರು ಆಳಕ್ಕೆ ಇಳಿದಷ್ಟೂ ಒಂದು ಕೊಡ ನೀರಿಗೆ ಹೆಚ್ಚು ದುಡಿಯಬೇಕಾಗುತ್ತದೆ. ಇಲ್ಲಿಯೂ ಹಾಗೆಯೆ. ಕೋಣೆಯ ಉಷ್ಣತೆ ೨೦ ಡಿಗ್ರಿ, ಎಂದರೆ ನಿರಪೇಕ್ಷ ಮಾನದಲ್ಲಿ ೨೯೩ ಡಿಗ್ರಿ ಇರಲಿ. ಹೊರಗೆ ೭ ಡಿಗ್ರಿ ಇದ್ದರೆ ಏರಿಸಬೇಕಾದ ಎತ್ತರ ೧೩ ಡಿಗ್ರಿ; ಒಂದು ಪಾಲು ವಿದ್ಯುತ್ತಿಗೆ ಆದರ್ಶಯಂತ್ರವು ೨೯೩ನ್ನು ೧೩ರಿಂದ ಭಾಗಿಸಿದಷ್ಟು, ಎಂದರೆ ಸುಮಾರು ೨೨ ಪಾಲು ಶಾಖ ಕೊಡಬಲ್ಲುದು. ಹೊರಗಿನ ಉಷ್ಣತೆ ಸೊನ್ನೆಗಿಂತ ೩೦ ಡಿಗ್ರಿ ಕೆಳಗಾದರೆ ಎತ್ತರ ೫೦ ಡಿಗ್ರಿ. ಆಗ ಆದರ್ಶಯಂತ್ರಕ್ಕೂ ದಕ್ಕುವುದು ಸುಮಾರು ೬ ಪಾಲು. ನಿಜವಾದ ಯಂತ್ರಗಳು ಇದಕ್ಕಿಂತ ಬಹಳ ಹಿಂದೆ ನಿಲ್ಲುತ್ತವೆ: ಹದವಾದ ಚಳಿಯಲ್ಲಿ ೩ರಿಂದ ೪ ಪಾಲು, ಕಡುಚಳಿಯಲ್ಲಿ ೨ರ ಆಸುಪಾಸು ಅಥವಾ ಇನ್ನೂ ಕಡಮೆ. ಮೇಲಾಗಿ ಚಳಿ ಹೆಚ್ಚಿದಂತೆ ಆವಿಯ ಸಾಂದ್ರತೆ ಇಳಿಯುವುದರಿಂದ ಕಂಪ್ರೆಸರಿನ ಪ್ರತಿ ಸುತ್ತಿನಲ್ಲಿಯೂ ಕೊಡ ಅರ್ಧಂಬರ್ಧ ತುಂಬುತ್ತದೆ.

ಇತ್ತ ಮನೆಯ ದಾಹವೋ ಹೆಚ್ಚುತ್ತದೆ. ಗೋಡೆ ಕಿಟಕಿಗಳ ಮೂಲಕ ಸೋರಿಹೋಗುವ ಶಾಖವು ಒಳಹೊರಗಿನ ಉಷ್ಣತೆಗಳ ಅಂತರಕ್ಕೆ ಅನುಗುಣವಾಗಿರುತ್ತದೆ. ಹೊರಗೆ ಸೊನ್ನೆಯಿರುವಾಗ ಅಂತರ ೨೦. ಹೊರಗೆ ಸೊನ್ನೆಗಿಂತ ೩೦ ಕೆಳಗಿರುವಾಗ ೫೦. ಸೋರಿಕೆ ಎರಡೂವರೆ ಪಟ್ಟು. ದಾಹ ಏರುತ್ತ, ಏತದ ಶಕ್ತಿ ಇಳಿಯುತ್ತ, ಯಾವುದೋ ಒಂದು ಉಷ್ಣತೆಯಲ್ಲಿ ಎರಡೂ ಸಮನಾಗುತ್ತವೆ. ಇದಕ್ಕೆ ಸಮತೋಲನ ಬಿಂದುವೆಂದು ಹೆಸರು. ಅದರ ಕೆಳಗೆ ಪಂಪೊಂದೇ ಮನೆಯನ್ನು ಕಾಯಲಾರದು. ವಿದ್ಯುತ್ ತಂತಿಯ ಕಾವು ಅಥವಾ ಬೇರಾವುದೋ ಒಲೆ ಸಹಾಯಕ್ಕೆ ಬರಬೇಕು.

ಇಷ್ಟನ್ನು ತಿಳಿದ ಮೇಲೆ, ಕಡುಚಳಿಯಲ್ಲಿ ಕೇಳಿಬರುವ ದೂರುಗಳಲ್ಲಿ ಹಲವು ದೋಷಗಳೇ ಅಲ್ಲವೆಂಬುದು ಹೊಳೆಯುತ್ತದೆ. ಯಂತ್ರವು ಬಿಡುವಿಲ್ಲದೆ ಓಡುತ್ತಿರುವುದು ಮೊದಲನೆಯದು. ಸಮತೋಲನ ಬಿಂದುವಿನ ಬಳಿ ಅದು ಹಾಗೆ ಓಡಲೇಬೇಕು. ಬರುವ ಗಾಳಿ ಉಗುರುಬೆಚ್ಚಗಿರುವುದು ಎರಡನೆಯದು. ಪಂಪಿನ ಗಾಳಿ ಸಾಮಾನ್ಯವಾಗಿ ೩೦ರಿಂದ ೪೦ ಡಿಗ್ರಿಗಳ ನಡುವೆ ಇರುತ್ತದೆ. ನಮ್ಮ ಚರ್ಮದ ಉಷ್ಣತೆಯೂ ಅಷ್ಟರಲ್ಲಿಯೇ ಇರುವುದರಿಂದ ಕೈಯೊಡ್ಡಿದರೆ ಬಿಸಿಯೆನಿಸದು. ಆದರೂ ೨೦ ಡಿಗ್ರಿಯ ಕೋಣೆಗೆ ಅದು ಶಾಖವನ್ನು ತರುತ್ತಿರುತ್ತದೆ. ಇಲ್ಲಿ ಕೈಗಿಂತ ಉಷ್ಣತಾಮಾಪಕವೇ ನಂಬತಕ್ಕ ಸಾಕ್ಷಿ.

ಮೂರನೆಯದು, ನಾವು ಮೊದಲು ಹೇಳಿದ ಬುಸುಗುಟ್ಟುವಿಕೆ ಮತ್ತು ‘ಹೊಗೆ’. ಹೊರಗಿನ ಸುರುಳಿ ಗಾಳಿಗಿಂತಲೂ ತಣ್ಣಗಿರುವುದರಿಂದ ಗಾಳಿಯ ನೀರಾವಿ ಅದರ ಮೇಲೆ ಹಿಮವಾಗಿ ಕೂರುತ್ತದೆ. ಕ್ರಮೇಣ ಗಾಳಿಯ ದಾರಿ ಮುಚ್ಚುತ್ತದೆ. ಇದನ್ನು ಕರಗಿಸಲು ಯಂತ್ರವು ಆಗಾಗ್ಗೆ ಕವಾಟವೊಂದನ್ನು ತಿರುಗಿಸಿ, ಕೆಲವು ನಿಮಿಷಗಳ ಕಾಲ ಮನೆಯ ಶಾಖವನ್ನೇ ಹೊರಗಿನ ಸುರುಳಿಗೆ ಹರಿಸುತ್ತದೆ. ಬುಸ್ಸೆಂಬುದು ಕವಾಟದ ಸದ್ದು. ಹೊಗೆಯಂತೆ ಕಾಣುವುದು ಕರಗಿದ ಹಿಮದ ಹಬೆ. ಹತ್ತು ಹದಿನೈದು ನಿಮಿಷಗಳೊಳಗೆ ಎಲ್ಲವೂ ಮೊದಲಿನಂತಾದರೆ ಚಿಂತೆಗೆ ಕಾರಣವಿಲ್ಲ.

ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಸೊನ್ನೆ ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಸುಮಾರು ೫ ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. ಸೊನ್ನೆಗಿಂತ ೩೦ ಡಿಗ್ರಿ ಕೆಳಗೆ ಅರ್ಧ ಗ್ರಾಮಿಗೂ ಕಡಮೆ. ಎಂದರೆ ಕಡುಚಳಿಯ ಗಾಳಿ ಒಣಗಾಳಿ. ಹಿಮ ಕಟ್ಟುವುದು ಸೊನ್ನೆಯ ಆಸುಪಾಸಿನಲ್ಲಿಯೇ ಹೆಚ್ಚು. ಆದುದರಿಂದ ಕಡುಚಳಿಯಲ್ಲಿ ಸುರುಳಿಯು ದಪ್ಪನೆಯ ನೀರ್ಗಲ್ಲಿನಲ್ಲಿ ಹೂತುಹೋಗಿದ್ದರೆ ಅದಕ್ಕೆ ಬೇರೆ ಕಾರಣವನ್ನೇ ಹುಡುಕಬೇಕು: ಸೂರಿನಿಂದ ತೊಟ್ಟಿಕ್ಕುವ ನೀರು, ಗಾಳಿ ತಂದು ಗುಡ್ಡೆಹಾಕಿದ ಹಿಮ, ಕರಗಿದ ನೀರು ಹರಿದುಹೋಗದೆ ಬುಡದಲ್ಲಿ ಕಟ್ಟಿದ ಗಡ್ಡೆ, ಅಥವಾ ಹಿಮ ಕರಗಿಸುವ ವ್ಯವಸ್ಥೆಯೇ ಕೆಟ್ಟಿರುವುದು.

ಹಾಗಾದರೆ ಮನೆಯವರು ಪರೀಕ್ಷಿಸಬೇಕಾದ ಕ್ರಮವೇನು? ಮೊದಲು ಗೋಡೆಯ ಥರ್ಮೊಸ್ಟಾಟು ಕಾವಿನ ಸ್ಥಾನದಲ್ಲಿದೆಯೆ ಎಂದು ನೋಡಬೇಕು. ಬಳಿಕ ಗಾಳಿಯ ಫಿಲ್ಟರನ್ನು ತೆಗೆದು ಬೆಳಕಿಗೆ ಹಿಡಿಯಬೇಕು. ಧೂಳು ಕಟ್ಟಿದ ಫಿಲ್ಟರಿನಿಂದ ಒಳಸುರುಳಿಯ ಶಾಖ ಹೊರಬಾರದೆ ಒತ್ತಡವೇರಿ, ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳಬಹುದು. ಮೂರನೆಯದಾಗಿ ಹೊರಗಿನ ಯಂತ್ರದ ಸುತ್ತಲಿನ ಹಿಮವನ್ನು ಮೆಲ್ಲಗೆ ಸರಿಸಬೇಕು. ಸುರುಳಿಗೆ ಅಂಟಿದ ಗಡ್ಡೆಯನ್ನು ಮಾತ್ರ ಕೊಡಲಿ ಸುತ್ತಿಗೆಗಳಿಂದ ಒಡೆಯಲಾಗದು. ಅದರ ಅಲ್ಯೂಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳು, ಕೊಳವೆಗೆ ಪೆಟ್ಟಾದರೆ ದ್ರವವೆಲ್ಲ ಸೋರಿಹೋಗುತ್ತದೆ. ನಾಲ್ಕನೆಯದಾಗಿ ವಿದ್ಯುತ್ ಸ್ವಿಚ್ಚನ್ನು ನೋಡಬೇಕು. ತಾನಾಗಿ ಬಿದ್ದಿದ್ದರೆ ಒಂದು ಸಲ ಮೇಲೆತ್ತಬಹುದು. ಮತ್ತೆ ಬಿದ್ದರೆ ಅಲ್ಲಿ ದೋಷವಿದೆಯೆಂದೇ ಅರ್ಥ, ಪದೇ ಪದೇ ಎತ್ತಬಾರದು.

ಕೊನೆಯದಾಗಿ, ಒಳಗೆ ಸೇರುವ ಗಾಳಿಯ ಮತ್ತು ಹೊರಬರುವ ಗಾಳಿಯ ಉಷ್ಣತೆಗಳನ್ನು ಅಳೆಯಬೇಕು. ಕಂಪ್ರೆಸರ್ ಓಡುತ್ತಿದ್ದರೂ ಎರಡರ ನಡುವೆ ಬಹಳ ಹೊತ್ತು ಅಂತರವೇ ಕಾಣದಿದ್ದರೆ ಯಂತ್ರ ನಿಜವಾಗಿ ಕೆಟ್ಟಿದೆ. ಕಾವು ಕೋರುತ್ತಿರುವಾಗಲೂ ಹೊರಗಿನ ಬೀಸಣಿಗೆ ಅರ್ಧ ಗಂಟೆ ಕಳೆದರೂ ತಿರುಗದಿರುವುದು, ಸುರುಳಿಯ ಒಂದು ಭಾಗಕ್ಕೆ ಮಾತ್ರ ಹಿಮ ಕಟ್ಟಿ ಉಳಿದುದು ಬರಿದಾಗಿರುವುದು, ಇವೂ ತಂತ್ರಜ್ಞನನ್ನು ಕರೆಯಬೇಕಾದ ಲಕ್ಷಣಗಳು. ಆದರೆ ಕೆಲವು ಯಂತ್ರಗಳು ನಿಗದಿಯಾದ ಒಂದು ಉಷ್ಣತೆಯ ಕೆಳಗೆ ಓಡದಂತೆಯೇ ರಚಿತವಾಗಿರುತ್ತವೆ; ತಯಾರಕರ ಕೈಪಿಡಿಯಲ್ಲಿ ಅದನ್ನು ಮೊದಲೇ ನೋಡಿಟ್ಟುಕೊಂಡಿರಬೇಕು.

ತಂತ್ರಜ್ಞ ಬರುವವರೆಗೆ ಥರ್ಮೊಸ್ಟಾಟಿನ ‘ತುರ್ತು ಕಾವು’ ಎಂಬ ಸ್ಥಾನವನ್ನು ಬಳಸಬಹುದು. ಆಗ ಪಂಪು ನಿಂತು ವಿದ್ಯುತ್ ತಂತಿಗಳೇ ಕಾಯುತ್ತವೆ. ಒಂದು ಪಾಲು ವಿದ್ಯುತ್ತಿಗೆ ಒಂದೇ ಪಾಲು ಶಾಖ. ಆದುದರಿಂದ ಪಂಪು ಸರಿಯಿರುವಾಗ ಅದನ್ನು ಬಳಸುವುದು ಬರಿಯ ದುಂದು. ರಾತ್ರಿ ಥರ್ಮೊಸ್ಟಾಟನ್ನು ಬಹಳ ಇಳಿಸಿ ಬೆಳಗ್ಗೆ ಥಟ್ಟನೆ ಏರಿಸುವುದೂ ಇಂತಹುದೇ. ತಂತಿಗಳು ಆಗಲೂ ಉರಿಯತೊಡಗುತ್ತವೆ. ಕಡುಚಳಿಯಲ್ಲಿ ಒಂದೇ ಉಷ್ಣತೆಯನ್ನು ಕಾಯ್ದುಕೊಳ್ಳುವುದು ಲೇಸು.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಯಂತ್ರ ನಿಂತಿತೆಂದು ಕೋಣೆಯೊಳಗೆ ಇದ್ದಿಲು ಹೊತ್ತಿಸುವುದು ಸಾವನ್ನು ಕರೆದಂತೆ. ೨೦೨೧ರ ಫೆಬ್ರವರಿಯಲ್ಲಿ ಟೆಕ್ಸಸ್ ಪ್ರಾಂತದಲ್ಲಿ ಕಡುಚಳಿಯ ನಡುವೆ ವಿದ್ಯುತ್ತು ಕಡಿದುಹೋದಾಗ, ಬೆಚ್ಚಗಾಗಲೆಂದು ಮುಚ್ಚಿದೆಡೆಗಳಲ್ಲಿ ಇದ್ದಿಲು, ಜನರೇಟರು, ಮೋಟಾರು ಗಾಡಿಗಳನ್ನು ಉರಿಸಿ ಹಲವರು ಕಾರ್ಬನ್ ಮಾನಾಕ್ಸೈಡಿನಿಂದ ಪ್ರಾಣ ಕಳೆದುಕೊಂಡರು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಲ್ಲರೂ ಒಂದೇ ಕೋಣೆ ಸೇರಿ, ಬಾಗಿಲು ಮುಚ್ಚಿ, ಕಂಬಳಿ ಹೊದ್ದು, ನಲ್ಲಿಯನ್ನು ಸಣ್ಣಗೆ ಹನಿಯಬಿಟ್ಟು ಕಾಯುವುದೇ ಸುರಕ್ಷಿತ ಮಾರ್ಗ. ಚಳಿ ಮೀರಿದರೆ ನೆರೆಯವರ ಆಶ್ರಯ ಪಡೆಯಬೇಕು.

ಬೇಸಗೆಯಲ್ಲಿ ನೀರು ನಿಧಾನವಾಗಿ ಬಂದಿತೆಂದು ನಮ್ಮ ರೈತನು ಏತವನ್ನು ಮುರಿದುಹಾಕುವುದಿಲ್ಲ. ಮೊದಲು ಬಾವಿಯನ್ನು ಇಣಿಕಿ ನೋಡುತ್ತಾನೆ. ಬಳಿಕ ಹಗ್ಗವನ್ನು, ಕೊಡವನ್ನು ಪರೀಕ್ಷಿಸುತ್ತಾನೆ. ಶಾಖದ ಏತವಿರುವ ಮನೆಯವರಿಗೂ ಈ ಕ್ರಮವೇ ಸಲ್ಲುವುದು.