ಚೈನ್‌ಸಾ ಹಲ್ಲಿಗೆ ಯಾವ ಅರ?

ಮಲೆನಾಡಿನ ಕಾಫಿ ತೋಟಗಳಲ್ಲಿ ಮರಗಸಿ ಶುರುವಾಯಿತೆಂದರೆ ಚೈನ್‌ಸಾ ಸದ್ದು ಗುಡ್ಡದಿಂದ ಗುಡ್ಡಕ್ಕೆ ಕೇಳುತ್ತದೆ. ಯಂತ್ರ ಚೆನ್ನಾಗಿ ಕೊಯ್ಯುತ್ತಿದೆಯೇ ಎಂದು ತಿಳಿಯಲು ಕೆಳಗೆ ಬೀಳುವ ಹೊಟ್ಟನ್ನು ನೋಡಿದರೆ ಸಾಕು. ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದರೆ ಹಲ್ಲು ಹರಿತವಾಗಿದೆ. ರಾಗಿಹಿಟ್ಟಿನಂತೆ ನುಣ್ಣಗೆ ಬೀಳುತ್ತಿದ್ದರೆ ಮೊಂಡಾಗಿದೆ. ಮೊಂಡು ಚೈನ್ ಹಿಡಿದವನು ಯಂತ್ರವನ್ನು ಮರಕ್ಕೆ ಒತ್ತತೊಡಗುತ್ತಾನೆ. ಬಾರ್ ಕಾಯುತ್ತದೆ, ತೋಳು ಸೋಲುತ್ತದೆ, ಅಪಘಾತ ಹತ್ತಿರವಾಗುತ್ತದೆ. ಇದಕ್ಕೆ ಮದ್ದು ಗೇಣುದ್ದದ ಒಂದು ದುಂಡು ಅರ. ಆದರೆ ಎಷ್ಟು ದಪ್ಪದ್ದು? ಬಹಳ ಜನ ಎಡವುವುದು ಇಲ್ಲೇ.

ಅರ ದುಂಡಗಿರಬೇಕಾದದ್ದು ಹಲ್ಲಿನ ಆಕಾರದಿಂದಾಗಿ. 1940ರ ದಶಕದಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಮರಕಡುಕ ಜೋಸೆಫ್ ಕಾಕ್ಸ್, ಮರದೊಳಗೆ ದಾರಿ ಕೊರೆಯುತ್ತಿದ್ದ ದುಂಬಿಮರಿಯೊಂದರ ಬಾಗಿದ ದವಡೆಗಳನ್ನು ಕಂಡು, ಎಡಕ್ಕೊಂದು ಬಲಕ್ಕೊಂದು ಬಾಗಿದ ಹಲ್ಲುಗಳಿರುವ ಚೈನ್ ರೂಪಿಸಿದ. ಇಂದಿನ ಚೈನ್‌ಗಳ ಮೂಲ ಅದೇ. ಹಲ್ಲಿನ ಒಳಬಾಗು ಎಷ್ಟಿದೆಯೋ ಅದಕ್ಕೆ ಸರಿಯಾಗಿ ಕೂರುವ ಅರವೇ ಬೇಕು.

ಬಾಗಿನ ಅಳತೆಯನ್ನು ನಿರ್ಧರಿಸುವುದು ಚೈನಿನ ಪಿಚ್. ಯಂತ್ರದ ಸಿಸಿಯನ್ನಾಗಲೀ ಬಾರ್‌ನ ಉದ್ದವನ್ನಾಗಲೀ ನೋಡಿ ಅರ ಕೊಳ್ಳುವುದು ತಪ್ಪು. ಸಾಲಾಗಿರುವ ಮೂರು ರಿವೆಟ್‌ಗಳ ಮೊದಲನೆಯದರಿಂದ ಮೂರನೆಯದರವರೆಗಿನ ದೂರವನ್ನು ಅಳೆದು ಅರ್ಧ ಮಾಡಿದರೆ ಪಿಚ್ ಸಿಗುತ್ತದೆ. 0.325 ಇಂಚಿನ ಪಿಚ್‌ಗೆ ಸಾಮಾನ್ಯವಾಗಿ 4.8 ಮಿ.ಮೀ. ಅರ. ನಿಜವಾದ ಗೊಂದಲ 3/8 ಇಂಚಿನದು. ಈ ಹೆಸರಿನಲ್ಲಿ ಎರಡು ಚೈನ್‌ಗಳಿವೆ. ಸಣ್ಣ ಯಂತ್ರಗಳಲ್ಲಿರುವ, ಲೋ ಪ್ರೊಫೈಲ್ ಎನ್ನುವ ಗಿಡ್ಡ ಹಲ್ಲಿನದಕ್ಕೆ ಹೆಚ್ಚಾಗಿ 4 ಮಿ.ಮೀ. ಸಾಕು, ದೊಡ್ಡ ಮರ ಕೊಯ್ಯುವ ಎತ್ತರದ ಹಲ್ಲಿಗೆ 5.2 ಅಥವಾ 5.5 ಮಿ.ಮೀ. ಬೇಕು. ಅಂಗಡಿಯಲ್ಲಿ ಬರೀ ‘ಮೂರು ಬೈ ಎಂಟು’ ಎಂದು ಕೇಳಿದರೆ ಯಾವುದು ಬೇಕಾದರೂ ಕೈಗೆ ಬರಬಹುದು. ಆದ್ದರಿಂದ ಚೈನಿನ ಮೇಲೆ ಒತ್ತಿರುವ ಗುರುತನ್ನು ಓದಿ. ಸ್ಟಿಲ್ ಚೈನಿನಲ್ಲಿ ಹಲ್ಲಿನ ಮುಂದಿರುವ ರೇಕರ್ ಮೇಲೆ 2 ಎಂದಿದ್ದರೆ 0.325, 3 ಎಂದಿದ್ದರೆ ಎತ್ತರದ 3/8. ಒರೆಗಾನ್ ಚೈನಿನ ಕೆಳಕೊಂಡಿಯಲ್ಲಿ 91 ಎಂದಿದ್ದರೆ ಗಿಡ್ಡ 3/8.

ಅಳತೆ ತಪ್ಪಿದರೇನಾಗುತ್ತದೆ? ತೆಳು ಅರ ಹಲ್ಲಿನ ಒಳಗೆ ಆಳವಾಗಿ ಕೊರೆದು ಅಂಚನ್ನು ಕೊಕ್ಕೆ ಮಾಡುತ್ತದೆ. ಬೆರಳಿಟ್ಟರೆ ಬಹಳ ಹರಿತ ಅನ್ನಿಸುತ್ತದೆ, ಆದರೆ ಆ ತೆಳು ಅಂಚು ಮರವನ್ನು ಗಬಕ್ಕನೆ ಹಿಡಿದು ಎಳೆಯುತ್ತದೆ, ಬೇಗನೆ ಮಡಚಿಕೊಳ್ಳುತ್ತದೆ. ದಪ್ಪ ಅರದಲ್ಲಿ ಅಂಚು ಹಿಂದಕ್ಕೆ ವಾಲಿ, ಹಲ್ಲು ಮರದ ಮೇಲೆ ಉಜ್ಜುತ್ತದೆಯೇ ಹೊರತು ಕಚ್ಚುವುದಿಲ್ಲ. ಸರಿಯಾದ ಅರವನ್ನು ಹಲ್ಲಿಗೆ ಆನಿಸಿದಾಗ ಅದರ ದಪ್ಪದ ಐದನೇ ಒಂದು ಭಾಗ ಹಲ್ಲಿನ ನೆತ್ತಿಗಿಂತ ಮೇಲಿರುತ್ತದೆ. ಕೊಳ್ಳುವ ಮೊದಲು ಇದೊಂದನ್ನು ನೋಡಿದರೂ ಬಹುಪಾಲು ತಪ್ಪು ತಪ್ಪುತ್ತದೆ.

ಹಲ್ಲು ಹಿಂದಕ್ಕೆ ಸವೆದಂತೆ ಅದರ ಎತ್ತರವೂ ತಗ್ಗುತ್ತದೆ. ಹಾಗಾಗಿ 5.5 ಮಿ.ಮೀ. ಅರದಿಂದ ಶುರುಮಾಡಿದವರು ಹಲ್ಲು ಅರ್ಧ ಸವೆದ ಮೇಲೆ 5.2ಕ್ಕೆ ಇಳಿಯುವುದು ಒಳ್ಳೆಯದು.

ಅರವನ್ನು ಹಲ್ಲಿನ ಒಳಗಿನಿಂದ ಹೊರಕ್ಕೆ, ಸಾಮಾನ್ಯವಾಗಿ 30 ಡಿಗ್ರಿ ಕೋನದಲ್ಲಿ, ಮುಂದಕ್ಕೆ ಮಾತ್ರ ತಳ್ಳಬೇಕು. ಹಿಂದಕ್ಕೆ ತರುವಾಗ ಎತ್ತಬೇಕು. ಎಲ್ಲ ಹಲ್ಲಿಗೂ ಒಂದೇ ಲೆಕ್ಕದಲ್ಲಿ ತಳ್ಳಬೇಕು. ಎಡಬಲದ ಹಲ್ಲುಗಳು ಉದ್ದದಲ್ಲಿ ಬೇರೆಯಾದರೆ ಕೊಯ್ತ ಒಂದು ಪಕ್ಕಕ್ಕೆ ತಿರುಗುತ್ತದೆ. ರೇಕರ್‌ಗೆ ಮಾತ್ರ ಚಪ್ಪಟೆ ಅರ: 0.325 ಮತ್ತು 3/8 ಪಿಚ್‌ಗಳಲ್ಲಿ ಅದು ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಕಣ್ಣಂದಾಜಿನಲ್ಲಿ ಇದನ್ನು ಉಜ್ಜಬೇಡಿ, ಗೇಜ್ ಇಟ್ಟು ನೋಡಿ. ಹೆಚ್ಚು ತಗ್ಗಿದರೆ ಯಂತ್ರ ನಿಮ್ಮತ್ತ ಒದೆಯುವ ಸಂಭವ ಹೆಚ್ಚು.

ಅರವೂ ಸವೆಯುತ್ತದೆ. ಹಲ್ಲನ್ನು ಕಚ್ಚದೆ ಜಾರತೊಡಗಿದ ಅರವನ್ನು ಒತ್ತಿ ಒತ್ತಿ ದುಡಿಸಬೇಡಿ, ಹೊಸದು ತನ್ನಿ. ಅಂಗಡಿಗೆ ಹೊರಡುವ ಮುನ್ನ ಚೈನಿನ ಮೇಲಿನ ಗುರುತನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.